ಗಗನನೌಕೆಯ ಮಡಿ

1957ರ ನವೆಂಬರ್ 7ರಂದು ಚಂದ್ರಗ್ರಹಣ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಬೇಗ ಊಟ ಮುಗಿಸಿ, ಉಪ್ಪಿನಕಾಯಿ ಭರಣಿಗೂ ಮೊಸರಿನ ಪಾತ್ರೆಗೂ ಒಂದೊಂದು ದರ್ಭೆಯ ಕಡ್ಡಿ ಹಾಕಿ ಕೂತಿದ್ದಿರಬೇಕು. ಆ ಗ್ರಹಣದ ಹೊತ್ತಿಗೆ ಕಲ್ಕತ್ತೆಯಲ್ಲಿ ಇಬ್ಬರು ಜೀವವಿಜ್ಞಾನಿಗಳು ರಾತ್ರಿಯೂಟಕ್ಕೆ ಸೇರಿದ್ದರು. ಒಬ್ಬರು ಜೆ.ಬಿ.ಎಸ್. ಹಾಲ್ಡೇನ್. ಇಂಗ್ಲೆಂಡಿನ ಸಹವಾಸ ಸಾಕೆಂದು ಬಂದು ಅಲ್ಲಿನ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಸೇರಿದ್ದವರು. ಇನ್ನೊಬ್ಬರು ಅಮೆರಿಕದ ಜೋಶುವಾ ಲೆಡರ್‌ಬರ್ಗ್. ಬ್ಯಾಕ್ಟೀರಿಯಾಗಳ ತಳಿವಿಜ್ಞಾನದಲ್ಲಿ ಆಗಲೇ ದೊಡ್ಡ ಹೆಸರು, ಆಸ್ಟ್ರೇಲಿಯಾದಿಂದ ಊರಿಗೆ ಮರಳುವ ದಾರಿಯಲ್ಲಿ ಕಲ್ಕತ್ತೆಯಲ್ಲಿ ಇಳಿದಿದ್ದರು.

ಸ್ಪುಟ್ನಿಕ್ ಹಾರಿ ತಿಂಗಳಾಗಿತ್ತು. ಲೈಕಾ ನಾಯಿಯನ್ನು ಹೊತ್ತ ಎರಡನೇ ಸ್ಪುಟ್ನಿಕ್ ಹಾರಿ ನಾಲ್ಕೇ ದಿನ. ರಷ್ಯಾದ ಕ್ರಾಂತಿಗೆ ನಲವತ್ತು ವರ್ಷ ತುಂಬಿದ್ದೂ ಅದೇ ದಿನ. ಆ ಸಂಭ್ರಮಕ್ಕೆ ಸೋವಿಯತ್‌ನವರು ಗ್ರಹಣ ಹಿಡಿದ ಚಂದ್ರನ ಮೇಲೊಂದು ಬಾಂಬು ಸಿಡಿಸಿ ಲೋಕಕ್ಕೆಲ್ಲ ತೋರಿಸಿಯಾರೇ ಎಂದು ಊಟದ ನಡುವೆ ಮಾತು ಬಂತು. ಹಾಲ್ಡೇನ್‌ಗೆ ಇಂಥ ಚೇಷ್ಟೆಯ ಮಾತು ಹೊಸದೇನಲ್ಲ. ಬಾಂಬು ಸಿಡಿಯಲಿಲ್ಲ, ಆದರೆ ಲೆಡರ್‌ಬರ್ಗ್ ತಲೆಯಲ್ಲಿ ಒಂದು ಹುಳ ಹೊಕ್ಕಿತು. ರಾಜಕೀಯದ ಪೈಪೋಟಿಗೆ ಬಿದ್ದು ರಾಕೆಟ್ ಹಾರಿಸುವವರು ಅದಕ್ಕೆ ಅಂಟಿಕೊಂಡ ಸೂಕ್ಷ್ಮಾಣುಗಳ ಬಗ್ಗೆ ಯೋಚಿಸುತ್ತಾರೆಯೇ? ಊರಿಗೆ ಹೋದವರೇ ಪತ್ರ ಬರೆಯಲು ಕೂತರು. 1958ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿ ಈ ಬಗ್ಗೆ ನಿರ್ಣಯ ಮಾಡಿತು. ಅದೇ ವರ್ಷ ಕಾಸ್ಪರ್ ಎಂಬ ಅಂತರರಾಷ್ಟ್ರೀಯ ಬಾಹ್ಯಾಕಾಶ ಸಂಶೋಧನಾ ಸಮಿತಿ ಹುಟ್ಟಿತು, ಅದೇ ವರ್ಷ ಲೆಡರ್‌ಬರ್ಗ್‌ಗೆ 33ನೇ ವಯಸ್ಸಿಗೆ ನೊಬೆಲ್ ಬಂತು. 1967ರ ಬಾಹ್ಯಾಕಾಶ ಒಪ್ಪಂದದ ಒಂಬತ್ತನೇ ವಿಧಿ ಬೇರೆ ಲೋಕಗಳನ್ನು ಹಾನಿಯಾಗುವಂತೆ ಕೆಡಿಸಬೇಡಿ ಎಂದು ಬರೆದಿಟ್ಟಿತು. ಭಾರತ ಅದೇ ವರ್ಷ ಸಹಿ ಹಾಕಿ, 1982ರಲ್ಲಿ ಅನುಮೋದಿಸಿತು. ಇಂಗ್ಲಿಷಿನವರು ಇದನ್ನು ‘ಪ್ಲಾನೆಟರಿ ಪ್ರೊಟೆಕ್ಷನ್’ ಎನ್ನುತ್ತಾರೆ. ಗ್ರಹರಕ್ಷಣೆ ಎಂದು ಅನುವಾದಿಸಬಹುದು, ಆದರೆ ಜ್ಯೋತಿಷಿಗಳ ಬೋರ್ಡಿನಂತೆ ಕೇಳುತ್ತದೆ. ನಾನು ಮಡಿ ಎನ್ನುತ್ತೇನೆ.

ಆ ಪದಕ್ಕೆ ಮನುಷ್ಯರನ್ನು ಮನುಷ್ಯರು ದೂರ ಇಟ್ಟ ಕೊಳಕು ಚರಿತ್ರೆಯೂ ಅಂಟಿಕೊಂಡಿದೆ, ಗೊತ್ತು. ಇಲ್ಲಿ ನನ್ನ ಕಣ್ಣ ಮುಂದಿರುವುದು ಅಜ್ಜಿಯ ಮಾವಿನಮಿಡಿ ಭರಣಿ ಮಾತ್ರ. ಬಿಸಿಲಿಗಿಟ್ಟು ಒಣಗಿಸಿದ ಭರಣಿ, ಬಾಯಿಗೆ ಬಿಗಿದ ಬಟ್ಟೆ, ಒದ್ದೆ ಕೈ ಹಾಕಿದವರಿಗೆ ಬೈಗುಳ. ನಾಲ್ಕು ತಿಂಗಳ ಮೇಲೆ ಬೂಷ್ಟು ಬಂದರೆ ಅಜ್ಜಿ ಮೊದಲು ಕೇಳುತ್ತಿದ್ದದ್ದು ‘ಯಾರು ಒದ್ದೆ ಸೌಟು ಹಾಕಿದ್ದು?’ ಎಂದು. ಮಿಡಿಯಲ್ಲೇ ಇದ್ದ ದೋಷವೋ, ಉಪ್ಪು ಕಡಿಮೆಯಾಯಿತೋ, ಹೊರಗಿನಿಂದ ಬಂತೋ ಎಂದು ತೀರ್ಮಾನ ಆಗಬೇಕಲ್ಲ. ಯಾರೂ ಒದ್ದೆ ಸೌಟು ಹಾಕಿಲ್ಲ ಎಂದು ಖಾತ್ರಿಯಿದ್ದರೆ ಮಾತ್ರ ಮಿಡಿಯನ್ನು ದೂರಬಹುದು.

ಗಗನನೌಕೆಯ ಮಡಿಯೂ ಮುಖ್ಯವಾಗಿ ಇದೇ. ಮಂಗಳದ ಬಡಪಾಯಿ ಜೀವಿಗಳನ್ನು ನಮ್ಮ ರೋಗಗಳಿಂದ ಕಾಪಾಡುವ ಕರುಣೆ ಇದು ಎಂದು ಹಲವರು ತಿಳಿಯುತ್ತಾರೆ. ಕರುಣೆಯೂ ಇರಲಿ. ಆದರೆ ಹತ್ತಿರದ ಕಾರಣ ಸ್ವಾರ್ಥದ್ದು: ನಾಳೆ ಅಲ್ಲಿ ಏನಾದರೂ ಸಿಕ್ಕರೆ, ಅದು ಅಲ್ಲಿಯದೋ ನಾವೇ ಹೊತ್ತು ತಂದದ್ದೋ ಎಂದು ಹೇಳಲು ಬರಬೇಕು.

ಹೇಳಲು ಬಾರದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ವೈಕಿಂಗ್ ನೌಕೆಗಳ ಕಥೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1976ರಲ್ಲಿ ಮಂಗಳದಲ್ಲಿಳಿದ ಆ ಎರಡು ಲ್ಯಾಂಡರ್‌ಗಳಿಗೆ ಮಾಡಿದಷ್ಟು ಮಡಿಯನ್ನು ಯಾವ ನೌಕೆಗೂ ಮಾಡಿಲ್ಲ ಎನ್ನುತ್ತಾರೆ. ಮೊದಲು ಒರೆಸಿ ಒರೆಸಿ ಇಡೀ ನೌಕೆಯ ಮೇಲೆ 3 ಲಕ್ಷಕ್ಕಿಂತ ಕಡಿಮೆ ಬೀಜಾಣುಗಳು ಉಳಿಯುವ ಹಾಗೆ ನೋಡಿಕೊಂಡರು. ಬೀಜಾಣು ಎಂದರೆ ಕಷ್ಟಕಾಲ ಬಂದಾಗ ಕೆಲವು ಬ್ಯಾಕ್ಟೀರಿಯಾಗಳು ಗಟ್ಟಿ ಚಿಪ್ಪಿನೊಳಗೆ ಮುದುಡಿ ಮಲಗುವ ರೂಪ. ಒಣಗಿಸಿದರೂ ಕಾಯಿಸಿದರೂ ಸುಲಭಕ್ಕೆ ಸಾಯದು. ಆಮೇಲೆ ನೌಕೆಯನ್ನು ಮುಚ್ಚಳದೊಳಗೆ ಕೂರಿಸಿ 110 ಡಿಗ್ರಿ ಸೆಲ್ಸಿಯಸ್ ದಾಟಿದ ಕಾವಿನಲ್ಲಿ 30 ಗಂಟೆಗೂ ಹೆಚ್ಚು ಕಾಲ ಇಟ್ಟರು. ಇಡ್ಲಿಯ ಹಬೆಯಲ್ಲ, ರೊಟ್ಟಿಹಂಚಿನ ಒಣ ಕಾವು. ಆ ಮುಚ್ಚಳ ಕಳಚಿದ್ದು ಭೂಮಿಯನ್ನು ಬಿಟ್ಟ ಮೇಲೆ.

ಅಷ್ಟೆಲ್ಲ ಮಾಡಿ ಹೋದ ವೈಕಿಂಗ್‌ನಲ್ಲಿ ಮಂಗಳದ ಮಣ್ಣನ್ನು 500 ಡಿಗ್ರಿವರೆಗೆ ಹುರಿದು, ಹೊರಟ ಅನಿಲವನ್ನು ಮೂಸಿ ನೋಡುವ ಒಂದು ಉಪಕರಣವಿತ್ತು. ಅದು ಹುಡುಕುತ್ತಿದ್ದದ್ದು ಇಂಗಾಲದ ಸಾವಯವ ವಸ್ತು. ಸಿಕ್ಕಿದ್ದು ನೀರು, ಇಂಗಾಲದ ಡೈಆಕ್ಸೈಡ್, ಜೊತೆಗೆ ಕ್ಲೋರೋಮೀಥೇನ್, ಡೈಕ್ಲೋರೋಮೀಥೇನ್ ಎಂಬ ಎರಡು ಅನಿಲಗಳ ಸುಳಿವು. ಇವೆರಡನ್ನೂ ಕಂಡಾಗ ವಿಜ್ಞಾನಿಗಳಿಗೆ ಬಂದ ಯೋಚನೆ ಸಹಜವಾದದ್ದೇ: ಉಪಕರಣ ತೊಳೆಯಲು ಬಳಸುವ ದ್ರಾವಕಗಳಲ್ಲಿ ಇಂಥವು ಇರುತ್ತವೆ, ಇದು ನಮ್ಮ ಸೌಟಿನ ಪಸೆ. ತೆಗೆದು ಬದಿಗಿಟ್ಟರು. ಮಂಗಳದ ಮಣ್ಣಿನಲ್ಲಿ ಸಾವಯವ ವಸ್ತುವಿಲ್ಲ ಎಂದು ಷರಾ ಬರೆದರು. ಅದೇ ಲ್ಯಾಂಡರಿನ ಇನ್ನೊಂದು ಪ್ರಯೋಗದಲ್ಲಿ ಜೀವ ಇದ್ದಂತೆ ಕಂಡ ಫಲಿತಾಂಶವನ್ನು ನಂಬದಿರಲು ಇದೂ ಒಂದು ಕಾರಣವಾಯಿತು. ಆ ಪ್ರಯೋಗ ರೂಪಿಸಿದ ಗಿಲ್ಬರ್ಟ್ ಲೆವಿನ್ ಕೊನೆಯವರೆಗೂ ತಮ್ಮ ಪಟ್ಟು ಬಿಡಲಿಲ್ಲ.

ಮೂವತ್ತೆರಡು ವರ್ಷ ಕಳೆದ ಮೇಲೆ, 2008ರಲ್ಲಿ, ಫೀನಿಕ್ಸ್ ನೌಕೆ ಮಂಗಳದ ಮಣ್ಣಿನಲ್ಲಿ ಪರ್ಕ್ಲೋರೇಟ್ ಎಂಬ ಲವಣ ಕಂಡಿತು. ಕಾಯಿಸಿದರೆ ಸುತ್ತಲಿನ ಸಾವಯವ ವಸ್ತುವನ್ನೆಲ್ಲ ಸುಟ್ಟುಬಿಡುವ ಗುಣ ಇದರದ್ದು. ಮೆಕ್ಸಿಕೊದ ರಫಾಯೆಲ್ ನವಾರೊ-ಗೊನ್ಸಾಲೆಸ್ ಮತ್ತು ಸಂಗಡಿಗರು ಚಿಲಿಯ ಅಟಕಾಮಾ ಮರುಭೂಮಿಯ ಮಣ್ಣಿಗೆ ಪರ್ಕ್ಲೋರೇಟ್ ಬೆರೆಸಿ, ವೈಕಿಂಗ್ ಹುರಿದಂತೆ ಹುರಿದು ನೋಡಿದರು. ಹೊರಟದ್ದು ಕ್ಲೋರೋಮೀಥೇನ್ ಮತ್ತು ಡೈಕ್ಲೋರೋಮೀಥೇನ್. 1976ರಲ್ಲಿ ‘ನಮ್ಮದು’ ಎಂದು ತಳ್ಳಿಹಾಕಿದ್ದು ಮಂಗಳದ್ದೇ ಆಗಿರಬಹುದು ಎಂದು 2010ರಲ್ಲಿ ಬರೆದರು. ಎಲ್ಲರೂ ಒಪ್ಪಿಲ್ಲ, ವಾದ ನಡೆದೇ ಇದೆ. ಆದರೆ ಮುಂದೆ ಕ್ಯೂರಿಯಾಸಿಟಿ ರೋವರ್ ಗೇಲ್ ಕುಳಿಯ ಕಲ್ಲಿನಲ್ಲಿ ಸಾವಯವ ವಸ್ತು ಕಂಡದ್ದಂತೂ ನಿಜ. ಅಲ್ಲೂ ಒಂದು ತಾಪತ್ರಯ: ಪ್ರಯೋಗಕ್ಕೆಂದು ಭೂಮಿಯಿಂದ ಒಯ್ದಿದ್ದ ರಾಸಾಯನಿಕವೇ ಉಪಕರಣದೊಳಗೆ ಸೋರಿ, ಅದರ ಪಾಲನ್ನು ಕಳೆದು ಉಳಿದದ್ದನ್ನು ಮಂಗಳದ ಲೆಕ್ಕಕ್ಕೆ ಹಾಕಬೇಕಾಯಿತು. ಗೇಲ್ ಕುಳಿಯ ಒಂದು ಗುಡ್ಡಕ್ಕೆ ಈಗ ನವಾರೊ ಅವರ ಹೆಸರಿದೆ.

ಕೊಳೆ ನಿಜವಾಗಿ ಹೋಗಿ ಅಂಟಿಕೊಳ್ಳಬೇಕು ಎಂದೇನಿಲ್ಲ ಎನ್ನುವುದನ್ನು ಗಮನಿಸಿ. ಅಂಟಿರಬಹುದು ಎಂಬ ಅನುಮಾನವೊಂದೇ ಮೂರು ದಶಕಗಳ ವಿಜ್ಞಾನವನ್ನು ಬೇರೆ ದಾರಿಗೆ ಹಚ್ಚಬಲ್ಲದು.

ಅನುಮಾನ ತಿರುಗಿಬಿದ್ದ ಕಥೆಯೂ ಇದೆ. 1969ರ ನವೆಂಬರಿನಲ್ಲಿ ಅಪೊಲೊ 12ರ ಗಗನಯಾತ್ರಿಗಳು, ಎರಡೂವರೆ ವರ್ಷ ಮುಂಚೆ ಚಂದ್ರನ ಮೇಲಿಳಿದಿದ್ದ ಸರ್ವೇಯರ್ 3 ನೌಕೆಯ ಕ್ಯಾಮೆರಾ ಬಿಚ್ಚಿ ತಂದರು. ಅದರೊಳಗಿನ ಫೋಮ್ ಚೂರಿನಲ್ಲಿ ಸ್ಟ್ರೆಪ್ಟೊಕಾಕಸ್ ಮೈಟಿಸ್ ಸಿಕ್ಕಿತು. ಇದು ನಮ್ಮ ನಿಮ್ಮ ಗಂಟಲಲ್ಲಿ ವಾಸಿಸುವ ಬ್ಯಾಕ್ಟೀರಿಯಾ. ಚಂದ್ರನ ಮೇಲೆ ಎರಡೂವರೆ ವರ್ಷ ಬದುಕಿದ ಜೀವಿ ಎಂದು ಅದರ ಖ್ಯಾತಿ ಪಠ್ಯಪುಸ್ತಕದವರೆಗೂ ಹೋಯಿತು. ಬಹಳ ವರ್ಷಗಳ ಮೇಲೆ ಹಳೆಯ ಚಿತ್ರಗಳನ್ನು ನೋಡಿದವರು, ಕ್ಯಾಮೆರಾ ಪರೀಕ್ಷಿಸಿದವರ ಅಂಗಿಯ ತೋಳು ಗಿಡ್ಡ, ಕೈಯ ಚರ್ಮ ಬಯಲಾಗಿದೆ ಎಂದು ತೋರಿಸಿದರು. ಆ ಬ್ಯಾಕ್ಟೀರಿಯಾ ಚಂದ್ರನನ್ನು ನೋಡಿಯೇ ಇರಲಿಲ್ಲವೇನೋ.

ಹಾಗಾದರೆ ನೌಕೆ ಶುದ್ಧವಾಗಿದೆ ಎಂದು ಗೊತ್ತಾಗುವುದು ಹೇಗೆ? ಉತ್ತರ ಕೇಳಿದರೆ ನಗು ಬಂದೀತು: ಹತ್ತಿ ಸುತ್ತಿದ ಕಡ್ಡಿಯಿಂದ. ನೌಕೆ ಜೋಡಿಸುವ ಕ್ಲೀನ್ ರೂಮಿನೊಳಗೆ, ಕಣ್ಣು ಬಿಟ್ಟು ಮೈಯೆಲ್ಲ ಬಿಳಿ ಉಡುಪಿನಲ್ಲಿ ಮುಚ್ಚಿಕೊಂಡವರು, ಒದ್ದೆ ಕಡ್ಡಿಯನ್ನು ನೌಕೆಯ ಮೇಲೆ ಐದು ಸೆಂಟಿಮೀಟರ್ ಉದ್ದ ಐದು ಸೆಂಟಿಮೀಟರ್ ಅಗಲದ ಜಾಗದಲ್ಲಿ ಅಡ್ಡ, ಉದ್ದ, ಓರೆಯಾಗಿ ತಿರುಗಿಸುತ್ತ ಉಜ್ಜುತ್ತಾರೆ. ಕಡ್ಡಿಯ ತುದಿಯನ್ನು ಶುದ್ಧ ನೀರಿನ ಕೊಳವೆಯೊಳಗೆ ಮುರಿದು ಹಾಕಿ, ಅಲುಗಿಸಿ, 80 ಡಿಗ್ರಿಯಲ್ಲಿ 15 ನಿಮಿಷ ಕಾಯಿಸುತ್ತಾರೆ. ಸಾದಾ ಬ್ಯಾಕ್ಟೀರಿಯಾ ಸಾಯುತ್ತವೆ, ಬೀಜಾಣುಗಳು ಉಳಿಯುತ್ತವೆ. ಆ ನೀರನ್ನು ಅಗರ್ ಹಾಕಿದ ಗಾಜಿನ ತಟ್ಟೆಗೆ ಸುರಿದು 32 ಡಿಗ್ರಿಯಲ್ಲಿ ಮೂರು ದಿನ ಇಟ್ಟರೆ ಬಿಳಿ ಬಿಳಿ ಚುಕ್ಕೆ ಏಳುತ್ತವೆ. ಬೆರಳಿಟ್ಟು ಎಣಿಸುವುದು. ಮಂಗಳದಲ್ಲಿ ಇಳಿಯುವ ಸಾಮಾನ್ಯ ನೌಕೆಗೆ ಮಿತಿ ಚದರ ಮೀಟರಿಗೆ ಸರಾಸರಿ 300 ಬೀಜಾಣು, ಒಟ್ಟು 3 ಲಕ್ಷ. ತೋಟದ ಮಣ್ಣು ಒಂದು ಚಿಟಿಕೆ ತೆಗೆದರೆ ಅದರಲ್ಲಿರುವ ಬ್ಯಾಕ್ಟೀರಿಯಾ ಕೋಟಿಗಳಲ್ಲಿ.

ತಟ್ಟೆಯಲ್ಲಿ ಬೆಳೆಯದ್ದು ಈ ಲೆಕ್ಕಕ್ಕೆ ಬರುವುದೇ ಇಲ್ಲ, ಮತ್ತು ಹೆಚ್ಚಿನ ಸೂಕ್ಷ್ಮಜೀವಿಗಳು ಯಾವ ತಟ್ಟೆಯಲ್ಲೂ ಬೆಳೆಯುವುದಿಲ್ಲ. ಜನಗಣತಿಯವರು ಬಾಗಿಲು ತೆರೆದವರನ್ನು ಮಾತ್ರ ಎಣಿಸಿ ಹೊರಟಂತೆ. ಆದರೂ ಒಂದೇ ಅಳತೆಗೋಲಿನಲ್ಲಿ ಎಲ್ಲ ನೌಕೆಗಳನ್ನೂ ಅಳೆಯಬಹುದು ಎಂಬ ಅನುಕೂಲಕ್ಕೆ ವೈಕಿಂಗ್ ಕಾಲದ ಈ ಪದ್ಧತಿ ಇನ್ನೂ ಉಳಿದಿದೆ. ಜೊತೆಗೆ ಡಿಎನ್‌ಎ ಓದುವ ವಿಧಾನಗಳು ಬರುತ್ತಿವೆ.

ಎಲ್ಲವನ್ನೂ ವೈಕಿಂಗ್‌ನಂತೆ ಕಾಯಿಸಿಬಿಟ್ಟರೆ ಆಗದೇ ಎಂದರೆ, ಎಲೆಕ್ಟ್ರಾನಿಕ್ಸ್ ಕೇಳಬೇಕಲ್ಲ. 1960ರ ದಶಕದ ಆರಂಭದಲ್ಲಿ ಚಂದ್ರನತ್ತ ಹೊರಟ ರೇಂಜರ್ ನೌಕೆಗಳನ್ನು 125 ಡಿಗ್ರಿಯಲ್ಲಿ 24 ಗಂಟೆ ಕಾಯಿಸಿದ್ದರು. ಒಂದರ ಹಿಂದೊಂದು ಕೆಟ್ಟವು. ಕಾವಿಗೇ ಬಿಡಿಭಾಗಗಳು ಸೊರಗಿದವೆಂದು ದೂರು ಬಂದು ಆ ಪದ್ಧತಿ ಕೈಬಿಟ್ಟರು. ಮಡಿ ಹೆಚ್ಚಾಗಿ ಪೂಜೆಯೇ ನಿಂತ ಹಾಗೆ.

ಇನ್ನು ಮಡಿಯ ಕೋಣೆಯೊಳಗೇ ಹುಟ್ಟಿಕೊಂಡ ವಿಚಿತ್ರಗಳು. ಗಾಳಿಯನ್ನು ಸೋಸಿ, ನೆಲವನ್ನು ಆಲ್ಕೋಹಾಲಿನಿಂದ ಒರೆಸಿ, ತೇವ ತೆಗೆದು, ಉಣ್ಣಲು ಏನೂ ಇಲ್ಲದಂತೆ ಮಾಡಿದ ಈ ಕೋಣೆಗಳು ಒಂದು ರೀತಿಯ ಮರುಭೂಮಿ. ಮರುಭೂಮಿಗೆ ಒಗ್ಗುವವರು ಮಾತ್ರ ಉಳಿಯುತ್ತಾರೆ. ಅಮೆರಿಕದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಜೋಡಣಾ ಕೋಣೆಯಲ್ಲಿ ಸಿಕ್ಕ ಬ್ಯಾಸಿಲಸ್ ಪ್ಯೂಮಿಲಸ್‌ನ ಒಂದು ತಳಿ, ಅತಿನೇರಳೆ ಕಿರಣಕ್ಕೂ ಹೈಡ್ರೊಜನ್ ಪೆರಾಕ್ಸೈಡಿಗೂ ಜಗ್ಗದು. ಟರ್ಸಿಕಾಕಸ್ ಫೀನಿಸಿಸ್ ಎಂಬುದು ಮೊದಲು ಕಂಡದ್ದು ಎರಡೇ ಜಾಗದಲ್ಲಿ, ಅವೆರಡೂ ಗಗನನೌಕೆ ಜೋಡಿಸುವ ಕ್ಲೀನ್ ರೂಮುಗಳೇ: ಒಂದು ಫ್ಲೋರಿಡಾದಲ್ಲಿ, ಇನ್ನೊಂದು ಸಾವಿರಾರು ಕಿಲೋಮೀಟರ್ ಆಚೆ ಫ್ರೆಂಚ್ ಗಯಾನಾದಲ್ಲಿ. ಅಸಿನೆಟೊಬ್ಯಾಕ್ಟರ್‌ಗಳಂತೂ ಒರೆಸುವ ಆಲ್ಕೋಹಾಲನ್ನೇ ಅರಗಿಸಿಕೊಳ್ಳಬಲ್ಲವು ಎಂದು 2018ರಲ್ಲಿ ಗೊತ್ತಾಯಿತು. ಕಸಪೊರಕೆಯನ್ನೇ ತಿಂದು ಬದುಕುವ ಜಿರಳೆಯನ್ನು ಊಹಿಸಿಕೊಳ್ಳಿ! ಈ ಜೀವಿಗಳ ಬೆನ್ನು ಹತ್ತಿದವರಲ್ಲಿ ಪ್ರಮುಖರು ಅದೇ ಪ್ರಯೋಗಾಲಯದ, ತಮಿಳುನಾಡು ಮೂಲದ ಕಸ್ತೂರಿ ವೆಂಕಟೇಶ್ವರನ್. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಗಾಳಿ ಸೋಸುಕದಲ್ಲಿ ಸಿಕ್ಕ ಹೊಸ ಬ್ಯಾಕ್ಟೀರಿಯಾಕ್ಕೆ ಅವರ ತಂಡ ಇಟ್ಟ ಹೆಸರು ಸೋಲಿಬ್ಯಾಸಿಲಸ್ ಕಲಾಮಿ, ನಮ್ಮ ಅಬ್ದುಲ್ ಕಲಾಂ ನೆನಪಿಗೆ.

ಒರೆಸಿದಷ್ಟೂ ಜಗಮೊಂಡರೇ ಉಳಿಯುತ್ತಾರೆ, ಬಾಹ್ಯಾಕಾಶದ ಪ್ರಯಾಣಕ್ಕೆ ಟಿಕೆಟ್ ಸಿಗುವುದೂ ಅವರಿಗೇ. ಜಪಾನಿನ ತಾನ್‌ಪೊಪೊ ಪ್ರಯೋಗದಲ್ಲಿ ಡೈನೊಕಾಕಸ್ ಬ್ಯಾಕ್ಟೀರಿಯಾಗಳ ಒಣಗಿದ ಗುಂಪುಗಳನ್ನು ನಿಲ್ದಾಣದ ಹೊರಗೆ ನಿರ್ವಾತಕ್ಕೆ ಒಡ್ಡಿ ಮೂರು ವರ್ಷ ಬಿಟ್ಟಿದ್ದರು. ಮೇಲಿನ ಪದರ ಸತ್ತು ಒಳಗಿನವರಿಗೆ ಹೊದಿಕೆಯಾಯಿತು. ಒಳಗಿನವು ಬದುಕಿದವು.

ನಿಯಮ ಎಷ್ಟೇ ಬಿಗಿಯಿರಲಿ, ಅದನ್ನು ಪಾಲಿಸುವುದು ಗಡುವಿನ ಒತ್ತಡದಲ್ಲಿರುವ ಮನುಷ್ಯರು. ಕ್ಯೂರಿಯಾಸಿಟಿಯ ಡ್ರಿಲ್ ಬಿಟ್‌ಗಳನ್ನು ಶುದ್ಧಗೊಳಿಸಿ ಪೆಟ್ಟಿಗೆಯಲ್ಲಿ ಮುಚ್ಚಿಡಬೇಕು, ಮಂಗಳ ಮುಟ್ಟಿದ ಮೇಲೆ ರೋವರ್ ತಾನೇ ತೆಗೆದು ಸಿಕ್ಕಿಸಿಕೊಳ್ಳಬೇಕು ಎಂಬುದು ಮೂಲ ಯೋಜನೆ. ಇಳಿಯುವಾಗ ಪೆಟ್ಟು ಬಿದ್ದು ರೋವರಿನ ಕೈ ಕೆಲಸ ಮಾಡದಿದ್ದರೆ ಕೊರೆಯುವುದೇ ಇಲ್ಲವಲ್ಲ ಎಂದು ಎಂಜಿನಿಯರುಗಳಿಗೆ ದಿಗಿಲಾಯಿತು. ಉಡಾವಣೆಗೆ ಮುಂಚೆ ಪೆಟ್ಟಿಗೆ ತೆಗೆದು ಒಂದು ಬಿಟ್ ಅನ್ನು ಡ್ರಿಲ್‌ಗೆ ಸಿಕ್ಕಿಸಿಬಿಟ್ಟರು. ನಾಸಾದ ಗ್ರಹರಕ್ಷಣಾ ಅಧಿಕಾರಿ ಕ್ಯಾಥರೀನ್ ಕಾನ್ಲಿಯವರಿಗೆ ಸುದ್ದಿ ಮುಟ್ಟಿದ್ದು ತಡವಾಗಿ. ಇಳಿಯುವ ಗೇಲ್ ಕುಳಿಯಲ್ಲಿ ಹತ್ತಿರದಲ್ಲೆಲ್ಲೂ ನೀರು, ಮಂಜುಗಡ್ಡೆ ಇರುವ ನಿರೀಕ್ಷೆ ಇಲ್ಲ ಎಂಬ ಕಾರಣಕ್ಕೆ ಮಡಿಯ ದರ್ಜೆಯನ್ನು ಇಳಿಸಿ ವಿಷಯ ಮುಗಿಸಿದರು. ಎಂಜಿನಿಯರುಗಳ ದಿಗಿಲು ನನಗೆ ಅರ್ಥವಾಗುತ್ತದೆ, ಕೇಳದೆ ಮಾಡಿದ್ದು ಅರ್ಥವಾಗುವುದಿಲ್ಲ. ಕೆಲವು ವರ್ಷಗಳಲ್ಲೇ ರೋವರ್ ದಾರಿಯ ಆಸುಪಾಸಿನ ಇಳಿಜಾರಿನಲ್ಲಿ ನೀರು ಜಿನುಗಿದಂತಹ ಕಪ್ಪು ಗೆರೆಗಳಿರಬಹುದೆಂದು ಅನುಮಾನ ಬಂದಾಗ, ಹತ್ತಿರ ಹೋಗಬಹುದೋ ಬಾರದೋ ಎಂದು ಚರ್ಚೆ ಹತ್ತಿತು. ಆ ಬಗೆಯ ಗೆರೆಗಳು ಒಣ ಮರಳು ಜಾರಿದ ಗುರುತು ಎಂಬ ವಾದ ಆಮೇಲೆ ಬಲವಾಯಿತು.

ಇಡೀ ವ್ಯವಸ್ಥೆಯ ಇಕ್ಕಟ್ಟು ಅಲ್ಲಿ ಬಯಲಾಯಿತು. ಜೀವ ಇರಬಹುದಾದ ಜಾಗ ಎಂದರೆ ತುಸು ಬೆಚ್ಚಗಿದ್ದು ತೇವವಿರುವ ಜಾಗ. ನಮ್ಮ ಸೂಕ್ಷ್ಮಾಣುಗಳು ಬೇರೂರಬಹುದಾದ ಜಾಗವೂ ಅದೇ. ಆದ್ದರಿಂದ ಹುಡುಕಲು ಕಳಿಸಿದ ನೌಕೆಗೆ ಹುಡುಕಬೇಕಾದಲ್ಲಿಗೇ ಪ್ರವೇಶವಿಲ್ಲ, ವೈಕಿಂಗ್ ಮಟ್ಟದ ಮಡಿಯಲ್ಲಿ ಬಂದರೆ ಮಾತ್ರ ಉಂಟು. 2013ರಲ್ಲಿ ವಿಜ್ಞಾನಿಗಳಾದ ಆಲ್ಬರ್ಟೊ ಫೈರೆನ್ ಮತ್ತು ಡಿರ್ಕ್ ಶುಲ್ಟ್ಸ್-ಮಾಕುಹ್ ಇದು ಅತಿಯಾಯಿತು ಎಂದು ಬರೆದರು. ಭೂಮಿಯಿಂದ ಸಿಡಿದ ಕಲ್ಲುಗಳ ಜೊತೆ, ಹಳೆಯ ನೌಕೆಗಳ ಜೊತೆ ನಮ್ಮ ಸೂಕ್ಷ್ಮಾಣುಗಳು ಆಗಲೇ ಅಲ್ಲಿಗೆ ಹೋಗಿರಬಹುದು, ಬದುಕಲು ಆಗಿದ್ದರೆ ಬದುಕಿಕೊಂಡಿವೆ, ಇನ್ನು ಈ ದುಬಾರಿ ಮಡಿ ಏಕೆ ಎಂಬುದು ಅವರ ವಾದ. ಒಬ್ಬರು ಒದ್ದೆ ಸೌಟು ಹಾಕಿರಬಹುದು ಎಂಬ ಗುಮಾನಿಗೆ ಮನೆಮಂದಿಯೆಲ್ಲ ಕೈ ಹಾಕಬಹುದೆಂದಂತೆ ನನಗೆ ಕೇಳಿಸುತ್ತದೆ. ಮೊದಲೇ ಅಲ್ಲಿ ನಮ್ಮವು ಇದ್ದರೆ, ಯಾವ್ಯಾವುವು ಎಂಬ ಪಟ್ಟಿ ಇನ್ನೂ ಹೆಚ್ಚು ಬೇಕಾಗುತ್ತದೆ.

ಮಂಗಳದಾಚೆ ನಿಯಮ ಸರಳ: ಅನುಮಾನವಿದ್ದರೆ ನೌಕೆಯನ್ನೇ ಬಲಿ ಕೊಡಿ. ಗುರುವಿನ ಉಪಗ್ರಹ ಯೂರೋಪಾದ ಹಿಮದಡಿ ಕಡಲಿದೆ ಎಂದು ಗೆಲಿಲಿಯೊ ನೌಕೆಯೇ ಸುಳಿವು ಕೊಟ್ಟಿತು. ಇಂಧನ ಮುಗಿದ ಮೇಲೆ ಅಲೆದಾಡಿ ಅಲ್ಲೇ ಬಿದ್ದೀತೆಂದು 2003ರಲ್ಲಿ ಅದನ್ನು ಗುರುವಿನೊಳಕ್ಕೆ ಇಳಿಸಿ ಸುಟ್ಟರು. ಶನಿಯ ಉಪಗ್ರಹ ಎನ್ಸೆಲಡಸ್‌ನ ಕಾರಂಜಿಗಳ ನಡುವೆ ಹಾದು ಬಂದ ಕಸೀನಿ ನೌಕೆಗೆ 2017ರಲ್ಲಿ ಶನಿಯಲ್ಲಿ ಅದೇ ಗತಿ.

ಅಲ್ಲಿಂದ ಇಲ್ಲಿಗೆ ಬರುವ ದಾರಿಯಲ್ಲಿ ಮಡಿ ಹೇಗಿತ್ತು ಎನ್ನುವುದಕ್ಕೆ ಅಪೊಲೊ 11 ಸಾಕ್ಷಿ. ಚಂದ್ರನಿಂದ ಬಂದವರಿಗೆ 21 ದಿನದ ಪ್ರತ್ಯೇಕವಾಸ, ಹ್ಯೂಸ್ಟನ್ನಿನಲ್ಲಿ ಅದಕ್ಕೆಂದೇ ಕಟ್ಟಿದ ಪ್ರಯೋಗಾಲಯ, ಚಂದ್ರನ ಧೂಳಿಗೆ ಒಡ್ಡಲು ಇಲಿ, ಜಿರಳೆ, ಸಿಗಡಿಗಳು. ಅಷ್ಟೆಲ್ಲ ಏರ್ಪಾಟಿನ ನಡುವೆ 1969ರ ಜುಲೈ 24ರಂದು ಪೆಸಿಫಿಕ್ ಸಾಗರದಲ್ಲಿ ತೇಲುತ್ತಿದ್ದ ನೌಕೆಯ ಬಾಗಿಲನ್ನು ಬಯಲಲ್ಲೇ ತೆರೆದರು. ಮುಚ್ಚಿದ ನೌಕೆಯನ್ನು ಹಾಗೇ ಎತ್ತುವುದು ಯಾತ್ರಿಗಳಿಗೆ ಅಪಾಯ ಎಂಬುದು ಕಾರಣ. ಒಳಗಿನ ಗಾಳಿ, ಧೂಳು ಹೊರಬಿತ್ತು. ಆಮೇಲೆ ಸೋಂಕುನಿವಾರಕ ಹಾಕಿ ಬಾಗಿಲನ್ನು ಚೆನ್ನಾಗಿ ಒರೆಸಿದರು! ಚಂದ್ರನಲ್ಲಿ ಏನೂ ಇರಲಿಲ್ಲವಾದ್ದರಿಂದ ಬಚಾವ್.

ನಮ್ಮ ಮಂಗಳಯಾನಕ್ಕೂ ಈ ಮಡಿಯ ಪಾಲು ಇತ್ತು. ಕಕ್ಷೆಯಲ್ಲೇ ಸುತ್ತುವ ನೌಕೆಗೆ ಹತ್ತಿಕಡ್ಡಿಯ ಲೆಕ್ಕದಿಂದ ವಿನಾಯಿತಿ ಬೇಕಾದರೆ, ಅದು ಮಂಗಳಕ್ಕೆ ಬೀಳುವ ಸಾಧ್ಯತೆ ಮೊದಲ 20 ವರ್ಷದಲ್ಲಿ ನೂರಕ್ಕೆ ಒಂದನ್ನೂ 50 ವರ್ಷದಲ್ಲಿ ನೂರಕ್ಕೆ ಐದನ್ನೂ ಮೀರಬಾರದು. ಬೆಂಗಳೂರಿನಲ್ಲಿ ಜೋಡಣೆಯಾಗಿ 2014ರ ಸೆಪ್ಟೆಂಬರ್ 24ರಂದು ಮಂಗಳದ ಕಕ್ಷೆ ಸೇರಿದ ನೌಕೆ, 2022ರಲ್ಲಿ ಮಾತು ನಿಲ್ಲಿಸಿತು. ಅದರ ಈಗಿನ ಕೆಲಸ ಬೀಳದೆ ಇರುವುದು, ಅಷ್ಟೇ. ಇಸ್ರೋ ಮುಂದೆ ಮಂಗಳದಲ್ಲಿ ಇಳಿಯುವ ಮಾತಾಡುತ್ತಿದೆ. ಆಗ ಹತ್ತಿಕಡ್ಡಿ, ಅಗರ್ ತಟ್ಟೆ, ಮೂರು ದಿನದ ಕಾಯುವಿಕೆ ನಮ್ಮ ಕ್ಲೀನ್ ರೂಮುಗಳಿಗೂ ಬರಲೇಬೇಕು. ಮನುಷ್ಯರೇ ಹೋಗಿ ಇಳಿದ ದಿನ ಯಾವ ಕಡ್ಡಿಯೂ ಸಾಲದು. ನಾವು ಒಬ್ಬೊಬ್ಬರೂ ಲಕ್ಷಾಂತರ ಕೋಟಿ ಬ್ಯಾಕ್ಟೀರಿಯಾ ತುಂಬಿದ ಸಂಚಿಗಳು, ಮತ್ತು ಸಂಚಿ ಸೋರುತ್ತದೆ. ಕಲಬೆರಕೆಯಿಲ್ಲದೆ ಜೀವ ಹುಡುಕುವ ಕೆಲಸಕ್ಕೆ ಇರುವ ಅವಧಿ ಅಲ್ಲಿಯವರೆಗೆ.

ಈ ಅವಧಿಯ ಒಳ್ಳೆಯ ಕೆಲಸವೊಂದು ಮಂಗಳದ ಜೆಝೆರೊ ಕುಳಿಯಲ್ಲಿ ಶುರುವಾಯಿತು. 2021ರಲ್ಲಿ ಅಲ್ಲಿಳಿದ ಪರ್ಸಿವಿಯರೆನ್ಸ್ ರೋವರ್ 43 ಲೋಹದ ಕೊಳವೆಗಳನ್ನು ಒಯ್ದಿದೆ, ಕಲ್ಲು ಕೊರೆದು ತುಂಬಿ ಮುಚ್ಚಲು. ಅವುಗಳಲ್ಲಿ ಕೆಲವಕ್ಕೆ ಕಲ್ಲು ತುಂಬುವುದಿಲ್ಲ. ಸಾಕ್ಷಿ ಕೊಳವೆಗಳು ಎಂದು ಅವಕ್ಕೆ ಹೆಸರು. ಕಲ್ಲು ಕೊರೆಯುವ ಜಾಗದಲ್ಲಿ ಅವನ್ನೂ ಅದೇ ಯಂತ್ರಕ್ಕೆ ಹಾಕಿ, ಅದೇ ಗಾಳಿಗೆ ಒಡ್ಡಿ, ಹಾಗೇ ಮುಚ್ಚಿಬಿಡುತ್ತಾರೆ. ರೋವರ್ ಭೂಮಿಯಿಂದ ಏನೇನು ಕೊಳೆ ಹೊತ್ತು ತಂದಿತ್ತೋ ಅದಷ್ಟೇ ಒಳಗಿರುತ್ತದೆ. 2024ರಲ್ಲಿ ಒಂದು ಕಲ್ಲಿನಲ್ಲಿ ಚಿರತೆಯ ಮೈಯಂಥ ಚುಕ್ಕೆಗಳು ಕಂಡವು. ಭೂಮಿಯಲ್ಲಾದರೆ ಇಂಥ ಚುಕ್ಕೆಗೆ ಸೂಕ್ಷ್ಮಜೀವಿಗಳು ಕಾರಣವಾಗಿರುವುದುಂಟು. ಆ ಕಲ್ಲಿನ ತುಂಡೂ ಒಂದು ಕೊಳವೆಯಲ್ಲಿದೆ. ಕೊಳವೆಗಳನ್ನು ಭೂಮಿಗೆ ತರುವ ಯೋಜನೆ ದುಡ್ಡಿನ ಲೆಕ್ಕದಲ್ಲಿ ಸಿಕ್ಕಿಬಿತ್ತು. ಎಂದಾದರೂ ತಂದ ದಿನ ಕಲ್ಲಿನ ಕೊಳವೆಯಲ್ಲಿ ಸಿಕ್ಕಿದ್ದನ್ನು ನಂಬುವ ಮೊದಲು, ಪಕ್ಕದ ಆ ಖಾಲಿ ಕೊಳವೆಯನ್ನು ತೆರೆದು ನೋಡಬೇಕು.